ಏಳುನೂರ ಐವತ್ತು

ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು
ಎನ್ನುತ್ತಾರೆ ಶಿವಮೊಗ್ಗದಲ್ಲಿ ಹುಟ್ಟಿದವರೆಲ್ಲ.
ನಾನು ತುಂಗೆಯನ್ನು ಅಳೆಯುತ್ತೇನೆ.
ಏಳುನೂರ ಐವತ್ತು ಎಂ.ಎಲ್., ಒಂದು ಹಗಲು ಒಂದು ರಾತ್ರಿಗೆ,
ಮಾತ್ರೆ ನುಂಗುವ ಗುಟುಕು ಸೇರಿ,
ಸಾರು ಸೇರಿ, ಮಜ್ಜಿಗೆ ಸೇರಿ,
ಚಹಾ ಅಂತೂ ಸೇರಿಯೇ.

ಆರನೇ ಹಾಸಿಗೆಯ ಹುಚ್ಚರಾಯಪ್ಪ
ನಗರಸಭೆಯ ವಾಲ್ವ್‌ಮನ್ ಆಗಿದ್ದವರು.
ಮೂವತ್ತೊಂದು ವರ್ಷ
ಕಬ್ಬಿಣದ ಕೀಲಿ ಸೈಕಲ್ಲಿಗೆ ಕಟ್ಟಿಕೊಂಡು
ನಸುಕಿನ ನಾಲ್ಕಕ್ಕೆ ಸೀಗೆಹಟ್ಟಿ, ಐದೂವರೆಗೆ ಟ್ಯಾಂಕ್ ಮೊಹಲ್ಲಾ,
ಬಿಸಿಲೇರುವ ಮುಂಚೆ ಹೊಸಮನೆ.
ಊರಿಗೆ ಊರೇ ಇವರ ರಟ್ಟೆ ತಿರುಗಿದಷ್ಟು ಕುಡಿದಿದೆ.
"ಅಷ್ಟು ನೀರು ಬಿಟ್ಟವನಿಗೆ
ಒಂದು ಲೋಟ ಬಿಡಾಕೆ ನಿಮ್ಮ ಕೈ ಬರಲ್ವಾ, ಸಿಸ್ಟರ್?"

ಬರಲ್ಲ.

ಮಂಗಳವಾರ, ಶುಕ್ರವಾರ ಡಯಾಲಿಸಿಸ್.
ನಡುವಿನ ದಿನಗಳಲ್ಲಿ ಕಾಲು ಒತ್ತಿ ನೋಡಿದರೆ
ನನ್ನ ಬೆರಳಿನ ಗುಂಡಿ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ.
ಅಡುಗೆಮನೆಯಿಂದ ಟ್ರಾಲಿ ಬರುತ್ತದೆ,
ಮೂಳೆ ಮುರಿದವರಿಗೂ ಹೆತ್ತವರಿಗೂ ಇವರಿಗೂ ಒಂದೇ ಸಾರು.
ಡಯಟಿಷಿಯನ್ ಬರುವುದು ಬುಧವಾರ.
ಮಿಕ್ಕ ಆರು ದಿನ ಟ್ರಾಲಿಗೆ ಅಡ್ಡ ನಿಲ್ಲುವವಳು ನಾನು.
ಬಾಳೆಹಣ್ಣು ಎತ್ತಿಡುತ್ತೇನೆ, ಕಳ್ಳಿಯನ್ನು ನೋಡಿದಂತೆ ನೋಡುತ್ತಾರೆ.
ನೆಂಟರು ಎಳನೀರು ತಂದರೆ ಬಾಗಿಲಲ್ಲೇ ಜಗಳ:
"ಎಳನೀರು ವಿಷವೇನಮ್ಮಾ?"
ಇವರಿಗೆ ಹೌದು ಎನ್ನುವಾಗ
ನನ್ನ ನಾಲಿಗೆಯೇ ನನ್ನನ್ನು ನಂಬುವುದಿಲ್ಲ,
ಜ್ವರ ಬಂದಾಗ ನನ್ನವ್ವ ಕುಡಿಸುತ್ತಿದ್ದದ್ದು ಅದನ್ನೇ.

ಹೆಂಡತಿ ದುಗ್ಗಮ್ಮನಿಗೆ ಹೇಳಿಕೊಟ್ಟೆ:
ತರಕಾರಿ ಸಣ್ಣಗೆ ಹೆಚ್ಚಿ, ತುಂಬ ನೀರಲ್ಲಿ ಕುದಿಸಿ,
ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮತ್ತೆ ಬೇಯಿಸಿ.
ಉಪ್ಪು ಚಿಟಿಕೆ. ಅಪ್ಪೆಮಿಡಿಯ ಭರಣಿ ಅಟ್ಟಕ್ಕೆ.
ಆಕೆ ಬಾಯಿಗೆ ಸೆರಗಿಟ್ಟುಕೊಂಡರು:
"ಬಸಿದ ನೀರು ಚೆಲ್ಲಿದ್ರೆ ಬಸ್ಸಾರಿಗೆ ಏನು ಉಳೀತು?
ಚೆಲ್ಲೋದಾದ್ರೆ ಸೊಪ್ಪು ಚೆಲ್ಲು ಅನ್ನೋಳು ನಮ್ಮತ್ತೆ."
ನಾನೂ ಬಸ್ಸಾರು ಉಂಡು ಬೆಳೆದವಳೇ. ಏನು ಹೇಳಲಿ?
"ಚೆಲ್ಲಬೇಡಿ," ಅಂದೆ. "ನೀವು ಉಣ್ಣಿ."

ಮೂರನೇ ವಾರ ತೂಕದ ಯಂತ್ರ ಐವತ್ನಾಲ್ಕು ತೋರಿಸಿತು.
ಬಂದ ದಿನವೂ ಐವತ್ನಾಲ್ಕೇ.
ಡಾಕ್ಟರು ಸರಿ ಎಂದು ಗುರುತು ಹಾಕಿ ಮುಂದಿನ ಹಾಸಿಗೆಗೆ ಹೋದರು.
ನನ್ನ ಕಣ್ಣು ಅವರ ಕೈಗಡಿಯಾರದ ಮೇಲಿತ್ತು.
ಪಟ್ಟಿಗೆ ಹೊಸ ತೂತು, ಕಾಸಿದ ಮೊಳೆಯಲ್ಲಿ ಚುಚ್ಚಿದ್ದು.
ಮಾಂಸ ಎದ್ದು ಹೋದ ಜಾಗದಲ್ಲಿ ನೀರು ಬಂದು ಕೂತು
ಯಂತ್ರಕ್ಕೆ ಸುಳ್ಳು ಹೇಳುತ್ತಿತ್ತು.
ಡಬ್ಬಿ ತೆರೆದೆ. ಅರ್ಧವೂ ಉಂಡಿಲ್ಲ.
ನಾನು ಬೇಡ ಎಂದದ್ದನ್ನೆಲ್ಲ ಬಿಟ್ಟ ಮನುಷ್ಯ
ಬೇಕು ಎಂದದ್ದನ್ನೂ ಬಿಟ್ಟಿದ್ದರು,
ನನಗೆ ಹೆದರಿ.

ಡಾಕ್ಟರ ಹಿಂದೆ ಓಡಿದೆ.
ಅಂದಿನಿಂದ ದಿನಕ್ಕೆ ಮೂರು ಮೊಟ್ಟೆಯ ಬಿಳಿ,
ಹಳದಿ ದುಗ್ಗಮ್ಮನಿಗೆ.
ಉಪ್ಪಿನ ನೆನಪು ಬಾರದಿರಲೆಂದು
ಒಗ್ಗರಣೆಗೆ ಬೆಳ್ಳುಳ್ಳಿ, ಜೀರಿಗೆ, ಕರಿಬೇವು.
ಪಕ್ಕ ಕೂತು, ಗದರದೆ, ತುತ್ತು ಎಣಿಸುತ್ತಿದ್ದೆ.
ಇದು ಯಾವ ರಿಜಿಸ್ಟರಿನಲ್ಲೂ ಬರೆಯುವ ಕೆಲಸವಲ್ಲ.

ನೀರಿನ ಲೆಕ್ಕ ಮಾತ್ರ ಅವರೇ ಕೈಗೆ ತೆಗೆದುಕೊಂಡರು.
ಬಾಟಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿಸಿಕೊಂಡು
ನನ್ನ ಪೆನ್ನಿನಲ್ಲೇ ಗೆರೆ ಎಳೆದು ಬರೆದರು:
ಬೆಳಿಗ್ಗೆ ಸೀಗೆಹಟ್ಟಿ. ಮಧ್ಯಾಹ್ನ ಹೊಸಮನೆ.
ಎಲ್ಲಕ್ಕಿಂತ ಕೆಳಗೆ, ಎರಡು ಬೆರಳಷ್ಟು,
ಗೋಪಾಳದ ಕೊನೇ ಬೀದಿ.
"ಕೊನೇ ಬೀದಿಗೆ ಉಳಿಸ್ದೆ ಹೋದ್ರೆ
ರಾತ್ರಿ ಖಾಲಿ ಕೊಡ ಹಿಡ್ಕೊಂಡು ಮನೆ ಬಾಗಿಲಿಗೇ ಬರ್ತಾರೆ.
ನಂಗೊತ್ತು, ಸಿಸ್ಟರ್."

ನಿನ್ನೆ ಡ್ಯೂಟಿ ಮುಗಿಯುವ ಹೊತ್ತಿಗೆ ಕೇಳಿದರು:
"ನಿಮ್ಮ ಚಾರ್ಟು ಯಾರು ಬರೀತಾರೆ?
ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಒಂದು ಗುಟುಕೂ ಕುಡಿದಿಲ್ಲ."
ಉತ್ತರ ಹೊಳೆಯಲಿಲ್ಲ.
ಮೂಲೆಯ ನಲ್ಲಿಗೆ ಹೋಗಿ
ಅವರಿಗೆ ಕಾಣದಂತೆ ಬೆನ್ನು ತಿರುಗಿಸಿ ನಿಂತು
ಒಂದು ಲೋಟ ತುಂಬ ಕುಡಿದೆ, ಕಳ್ಳಿಯ ಹಾಗೆಯೇ.

ಆರನೇ ಹಾಸಿಗೆಯಿಂದ ದನಿ ಬಂತು:
"ಸರಿಯಾಗಿ ತಿರುಗಿಸಿ ಸಿಸ್ಟರ್, ತೊಟ್ಟಿಕ್ತಾ ಇದೆ."